ಹಸಿರು ಗಾರ್ನೆಟ್ ಅಂತ ನಿಜವಾಗ್ಲೂ ಇದ್ಯಾ? ಉವರೋವೈಟ್ ಬಗ್ಗೆ ಗೊತ್ತಿರೋರು ಸ್ವಲ್ಪ ಹೇಳಿ

ಸಂಪಿಗೆಮರ

ಎಲ್ರಿಗೂ ನಮಸ್ಕಾರ. ಹೋದ ವಾರ ಬೆಂಗಳೂರಲ್ಲಿ ಒಂದು ಹರಳು-ಕಲ್ಲಿನ ಎಕ್ಸಿಬಿಷನ್‌ಗೆ ಹೋಗಿದ್ದೆ, ಅಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಕಲ್ಲೊಂದು ಕಣ್ಣಿಗೆ ಬಿತ್ತು, ಅದರ ಒಂದು ಮಗ್ಗುಲಿಗೆ ಹಸಿರು ಸಕ್ಕರೆ ಚೆಲ್ಲಿದ ಹಾಗೆ ಪುಟ್ಟಪುಟ್ಟ ಹರಳು, ಲೈಟ್ ಕೆಳಗೆ ಹಿಡಿದ್ರೆ ಅಪ್ಪಟ ಪಚ್ಚೆ ಬಣ್ಣ, ಬಿಟ್ಟು ಬರೋಕೆ ಮನಸ್ಸೇ ಆಗ್ಲಿಲ್ಲ, 2,800 ಕೊಟ್ಟು ತಗೊಂಡ್ಬಂದೆ. ಚೀಟಿಲಿ "ಉವರೋವೈಟ್ ಗಾರ್ನೆಟ್, ಉರಲ್, ರಷ್ಯಾ" ಅಂತ ಬರೆದಿದೆ. ಮನೇಲಿ ಅಮ್ಮಂಗೆ ತೋರಿಸಿದ್ರೆ "ಗಾರ್ನೆಟ್ ಅಂದ್ರೆ ದಾಳಿಂಬೆ ಕಾಳಿನ ಬಣ್ಣ ಅಲ್ವೇನೇ, ಇದ್ಯಾವ್ದು ಹಸಿರು, ಬಣ್ಣ ಹಾಕಿ ಕೊಟ್ಟಿದಾರೆ ನೋಡು" ಅಂದ್ರು. ಆವತ್ತಿಂದ ತಲೇಲಿ ಅದೇ ಕೊರೀತಿದೆ.

ನಿಜವಾಗ್ಲೂ ಹಸಿರು ಗಾರ್ನೆಟ್ ಇದ್ಯಾ? ಇದ್ರೆ ಹರಳುಗಳು ಯಾಕೆ ಇಷ್ಟು ಸಣ್ಣ, ಒಂದು ಸಾಸಿವೆ ಕಾಳಿಗಿಂತ ದೊಡ್ಡದು ಯಾವುದೂ ಇಲ್ಲ. ಇದ್ರಲ್ಲಿ ಒಂದನ್ನ ಕಟ್ ಮಾಡ್ಸಿ ಉಂಗುರಕ್ಕೆ ಕೂರಿಸ್ಬಹುದಾ?

ಕಲ್ಲುಗುಡ್ಡ

ಮೇಡಂ, ಜಿಯಾಲಜಿ ಓದಿ ಕೆಲವು ವರ್ಷ ಗಣಿ ಕೆಲಸ ಮಾಡಿದೀನಿ, ನನಗೆ ತುಂಬಾ ಇಷ್ಟದ ಖನಿಜ ಇದು, ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ.

ನಿಮ್ಮ ಅಮ್ಮ ದಾಳಿಂಬೆ ಅಂದಿದ್ದು ಸರಿಯಾಗೇ ಇದೆ, ಗಾರ್ನೆಟ್ ಅನ್ನೋ ಹೆಸರೇ ಲ್ಯಾಟಿನ್‌ನಲ್ಲಿ ದಾಳಿಂಬೆಗಿರೋ ಪದದಿಂದ ಬಂದಿದ್ದು. ಆದ್ರೆ ಗಾರ್ನೆಟ್ ಅನ್ನೋದು ಒಂದೇ ಕಲ್ಲಲ್ಲ, ಒಂದು ಮನೆತನ. ಒಳಗಿನ ಕಟ್ಟಡ ಎಲ್ಲಾದಕ್ಕೂ ಒಂದೇ, ಆ ಕಟ್ಟಡದಲ್ಲಿ ಯಾವ ಲೋಹ ವಾಸ ಮಾಡುತ್ತೆ ಅನ್ನೋದ್ರ ಮೇಲೆ ಹೆಸರು, ಬಣ್ಣ ಎಲ್ಲಾ ಬದಲಾಗುತ್ತೆ. ಕಬ್ಬಿಣ, ಅಲ್ಯೂಮಿನಿಯಂ ಇದ್ರೆ ಕೆಂಪು ಆಲ್ಮಂಡೈನ್. ನವರತ್ನದಲ್ಲಿ ಗೋಮೇಧಿಕ ಇದೆಯಲ್ಲ ಅದೂ ಗಾರ್ನೆಟ್ಟೇ, ಅದರಲ್ಲಿರೋದು ಕ್ಯಾಲ್ಸಿಯಂ, ಅಲ್ಯೂಮಿನಿಯಂ. ಆ ಗೋಮೇಧಿಕದಲ್ಲಿ ಅಲ್ಯೂಮಿನಿಯಂ ಇರೋ ಜಾಗಕ್ಕೆ ಕ್ರೋಮಿಯಂ ಬಂದು ಕೂತ್ರೆ ಅದೇ ಉವರೋವೈಟ್. ಅಂದ್ರೆ ನೀವು ತಂದಿರೋದು ಗೋಮೇಧಿಕದ ದಾಯಾದಿ.

ಬಣ್ಣದ ವಿಷಯ. ಪಚ್ಚೆಗೂ ಸಾಮಾನ್ಯವಾಗಿ ಹಸಿರು ಬರೋದು ಕ್ರೋಮಿಯಂನಿಂದಾನೇ, ಆದ್ರೆ ಅಲ್ಲಿ ಅದು ಚಿಟಿಕೆಯಷ್ಟು ಬೆರೆತಿರುತ್ತೆ, ಅದಿಲ್ಲದಿದ್ರೂ ಆ ಕಲ್ಲು ಬೆರಿಲ್ ಆಗಿ ಬಣ್ಣ ಇಲ್ಲದೆ ಇರುತ್ತೆ. ಉವರೋವೈಟ್‌ನಲ್ಲಿ ಕ್ರೋಮಿಯಂ ಅನ್ನೋದು ಗೋಡೆಯ ಇಟ್ಟಿಗೆನೇ. ಲೆಕ್ಕ ಹಾಕಿದ್ರೆ ಪೂರ್ತಿ ಶುದ್ಧವಾಗಿದ್ದಾಗ ತೂಕದಲ್ಲಿ ಶೇಕಡ 30ರಷ್ಟು ಕ್ರೋಮಿಯಂ ಆಕ್ಸೈಡ್. ನಿಜಕ್ಕೆ ಸಿಗೋದ್ರಲ್ಲಿ ಒಂದಷ್ಟು ಅಲ್ಯೂಮಿನಿಯಂ, ಕಬ್ಬಿಣ ಸೇರ್ಕೊಂಡು ಅಷ್ಟು ಇರಲ್ಲ, ಆದ್ರೂ ಹಸಿರು ಇಲ್ಲದ ಉವರೋವೈಟ್ ಅಂತ ಇಲ್ವೇ ಇಲ್ಲ.

ಸಣ್ಣ ಯಾಕೆ ಅಂದ್ರಲ್ಲ, ನಿಮ್ಮ ಪ್ರಶ್ನೆಗಳಲ್ಲಿ ಅದೇ ಒಳ್ಳೇದು. ಇದು ಹುಟ್ಟೋಕೆ ಕ್ರೋಮಿಯಂ ಬೇಕು, ಕ್ಯಾಲ್ಸಿಯಂ ಬೇಕು, ಭೂಮಿ ಒಳಗೆ ಇವೆರಡೂ ಒಂದೇ ಕಡೆ ಸಿಗೋದು ಅಪರೂಪ. ಕ್ರೋಮಿಯಂ ಇರೋದು ಮೆಗ್ನೀಸಿಯಂ ತುಂಬಿರೋ ಕಪ್ಪು ಬಂಡೆಗಳಲ್ಲಿ, ಕ್ರೋಮೈಟ್ ಅದಿರಾಗಿ, ಅಲ್ಲಿ ಕ್ಯಾಲ್ಸಿಯಂಗೆ ಬರ. ಆಮೇಲೆ ಯಾವಾಗ್ಲೋ ಆ ಅದಿರು ಬಿರುಕು ಬಿಟ್ಟು, ಬಿರುಕಲ್ಲಿ ಕ್ಯಾಲ್ಸಿಯಂ, ಸಿಲಿಕಾ ಕರಗಿರೋ ಬಿಸಿನೀರು ಹರಿದ್ರೆ ಮಾತ್ರ ಗೋಡೆ ಮೇಲೆ ಈ ಹಸಿರು ಹರಳು ಕಟ್ಟುತ್ತೆ. ಅಲ್ಲೂ ಒಂದು ತೊಡಕು, ಈ ಕ್ರೋಮಿಯಂ ನೀರಲ್ಲಿ ಸುಲಭಕ್ಕೆ ಕರಗಿ ದೂರ ಹೋಗಲ್ಲ, ಇದ್ದಲ್ಲೇ ಇರುತ್ತೆ, ಹಾಗಾಗಿ ಹರಳಿಗೆ ಮೇವು ಸಾಕಾಗಲ್ಲ, ಲಕ್ಷಗಟ್ಟಲೆ ಹರಳು ಒಟ್ಟಿಗೆ ಶುರುವಾಗಿ ಎಲ್ಲಾ 1-2 ಮಿಲಿಮೀಟರ್‌ಗೇ ನಿಂತ್ಹೋಗುತ್ತೆ. ನೀವು ನೋಡಿದ ಕಪ್ಪು ಕಲ್ಲೇ ಕ್ರೋಮೈಟ್, ಹಸಿರು ಸಕ್ಕರೆ ಆ ಬಿರುಕಿನ ಗೋಡೆ. ಮೊದಲು ಗುರುತಿಸಿದ್ದೂ ಉರಲ್‌ನ ಪೆರ್ಮ್ ಕಡೆಯ ಸರನೋವ್ಸ್ಕಿ ಗಣಿಯಲ್ಲೇ, ಈಗಲೂ ಮಾರ್ಕೆಟ್‌ಗೆ ಬರೋ ಇಂಥ ಹಲಗೆಗಳು ಹೆಚ್ಚಾಗಿ ಅಲ್ಲಿಯವೇ, ಚೀಟಿ ನಂಬೋ ಹಾಗಿದೆ.

ದೊಡ್ಡ ಹರಳು ಸಿಕ್ಕಿರೋದು ಫಿನ್‌ಲ್ಯಾಂಡ್‌ನ ಔಟೊಕುಂಪುನಲ್ಲಿ. ಅದು ತಾಮ್ರದ ಗಣಿ, 1910ರಲ್ಲಿ ಅದಿರು ಸಿಕ್ಕಿದ್ದು. ಅಲ್ಲಿ ಕ್ರೋಮಿಯಂ, ಕ್ಯಾಲ್ಸಿಯಂ ಎರಡೂ ಒಂದೇ ಬಂಡೇಲಿ ಸೇರಿದ್ವು, ಅದಕ್ಕೆ ಸೆಂಟಿಮೀಟರ್ ಲೆಕ್ಕದ ಹರಳು ಬೆಳೆದ್ವು. ಆದ್ರೆ ಅವು ಮಬ್ಬು, ಬೆಳಕು ಹಾಯಲ್ಲ. ಮ್ಯೂಸಿಯಂಗಳಲ್ಲಿ ಕಾಣೋ ಹೆಬ್ಬೆರಳು ಗಾತ್ರದ ಉವರೋವೈಟ್ ಬಹುಪಾಲು ಅಲ್ಲಿಂದ ಬಂದಿದ್ದು.

ಹರಳಂಗಡಿ

ಕಲ್ಲುಗುಡ್ಡ ಸರ್ ಚೆನ್ನಾಗಿ ಹೇಳಿದ್ರು. ನಮ್ದು ಎರಡು ತಲೆಮಾರಿನಿಂದ ಹರಳು ಕೂರಿಸೋ ಕೆಲಸ, ಹಾಗಾಗಿ ಕಟಿಂಗ್ ಬಗ್ಗೆ ನಾನು ಹೇಳ್ತೀನಿ. ಅಕ್ಕ, ದಯವಿಟ್ಟು ಒಂದನ್ನೂ ಕೀಳಕ್ಕೆ ಹೋಗ್ಬೇಡಿ. 2 ಮಿಲಿಮೀಟರ್ ಹರಳನ್ನ ಸಾಣೆಗೆ ಇಟ್ರೆ ಕೈಲಿ ಉಳಿಯೋದು ಧೂಳು. ಇದನ್ನ ಒಡವೆ ಮಾಡೋರು ಹಲಗೆ ಸಮೇತ ಕೊಯ್ದು ಹಾಗೇ ಪೆಂಡೆಂಟ್‌ಗೆ ಕೂರಿಸ್ತಾರೆ, ಅದೇ ಚೆಂದ ಕೂಡ. ಉಂಗುರಕ್ಕೆ ಬೇಡ, ವಜ್ರಕ್ಕೆ 10 ಅನ್ನೋ ಲೆಕ್ಕದಲ್ಲಿ ಗಡಸುತನ 6.5ರಿಂದ 7.5 ಇದ್ರೂ ಪಾತ್ರೆಗೆ ಬಾಗಿಲಿಗೆ ತಾಗಿ ತಾಗಿ ಹರಳು ಉದುರುತ್ತೆ. ಅಲ್ಟ್ರಾಸೋನಿಕ್ ಮಷಿನ್‌ಗೂ ಹಾಕ್ಬೇಡಿ, ಉಗುರುಬೆಚ್ಚಗಿನ ನೀರು, ಸೋಪು, ಮೆತ್ತನೆ ಬ್ರಷ್ ಸಾಕು.

ಬಣ್ಣ ಹಾಕಿದಾರಾ ಅನ್ನೋ ಅನುಮಾನಕ್ಕೆ ಮನೇಲೇ ನೋಡ್ಬಹುದು. ಹತ್ತುಪಟ್ಟು ಲೆನ್ಸ್ ತಗೊಳ್ಳಿ. ಮೋಸದ ಮಾಲು ಅಂದ್ರೆ ಸಾಮಾನ್ಯವಾಗಿ ಸ್ಫಟಿಕದ ಹಲಗೆಗೆ ಹಸಿರು ಬಣ್ಣ ಕುಡಿಸಿರ್ತಾರೆ, ಅದರ ಹರಳು ಆರು ಮಗ್ಗುಲಿದ್ದು ತುದಿ ಚೂಪಾಗಿ ಪೆನ್ಸಿಲ್ ಥರ ಕಾಣುತ್ತೆ, ಬಣ್ಣ ಸಂದಿಗಳಲ್ಲಿ ಗಟ್ಟಿಯಾಗಿ ನಿಂತಿರುತ್ತೆ. ಗಾರ್ನೆಟ್‌ಗೆ ಚೂಪು ತುದಿ ಇರಲ್ಲ, ಗುಂಡಗೆ, ಹನ್ನೆರಡು ಮುಖ, ಒಂದೊಂದು ಮುಖ ಇಸ್ಪೀಟೆಲೆಯ ಡೈಮಂಡ್ ಆಕಾರ. ಹತ್ತಿಗೆ ಅಸಿಟೋನ್, ಅದೇ ಉಗುರುಬಣ್ಣ ತೆಗೆಯೋದು, ಸ್ವಲ್ಪ ಅದ್ದಿ ಮೂಲೇಲಿ ಒರೆಸಿ, ಹಸಿರು ಹತ್ತಿಗೆ ಬಂದ್ರೆ ಬಣ್ಣ ಹಾಕಿದ್ದು. ಇನ್ನೊಂದು, ಸ್ಫಟಿಕದ ಸಾಂದ್ರತೆ 2.65, ಉವರೋವೈಟ್ 3.8 ಹತ್ರ, ಕ್ರೋಮೈಟ್ ಅದಕ್ಕಿಂತ ಭಾರ, ಕೈಲಿ ಹಿಡಿದ್ರೇನೇ ಆ ಗಾತ್ರಕ್ಕೆ ಜಾಸ್ತಿ ತೂಕ ಅನ್ಸುತ್ತೆ.

ಉಂಗುರಕ್ಕೆ ಹಸಿರು ಗಾರ್ನೆಟ್ಟೇ ಬೇಕು ಅಂದ್ರೆ ಸಾವೊರೈಟ್ ನೋಡಿ, 1967ರಲ್ಲಿ ಟಾಂಜಾನಿಯಾದಲ್ಲಿ ಸಿಕ್ಕಿದ್ದು, ಆಮೇಲೆ ಕೀನ್ಯಾದಲ್ಲೂ. ಡೆಮಂಟಾಯ್ಡ್ ಇನ್ನೂ ಚೆಂದ, ಒಳಗಿಂದ ವಜ್ರದ ಥರ ಬಣ್ಣಬಣ್ಣದ ಕಿಡಿ ಹಾರುತ್ತೆ, ಆದ್ರೆ ಬೆಲೆ ಕೇಳಿ ಆಮೇಲೆ ಆಸೆಪಡಿ.

ಪಿಯು ಕೆಮಿಸ್ಟ್ರಿ ಮೇಷ್ಟ್ರು

ಇಲ್ಲಿ ಸೈನ್ಸ್ ಓದಿದೋರಿಗೆ ಒಂದು ವಿಷಯ ಹೇಳ್ಲೇಬೇಕು. ಪಿಯುಸಿಲಿ ಹೆಸ್ ನಿಯಮ ಓದಿರ್ತೀರಲ್ಲ, ರಾಸಾಯನಿಕ ಕ್ರಿಯೆ ಯಾವ ದಾರೀಲಿ ನಡೆದ್ರೂ ಒಟ್ಟು ಶಾಖದ ಬದಲಾವಣೆ ಒಂದೇ ಅಂತ, ಆ ಜರ್ಮೇನ್ ಹೆಸ್ಸೇ ಈ ಖನಿಜವನ್ನ 1832ರಲ್ಲಿ ವಿವರಿಸಿ ಹೆಸರಿಟ್ಟವರು. ಜಿನೀವಾದಲ್ಲಿ ಹುಟ್ಟಿ ರಷ್ಯಾದಲ್ಲಿ ಬೆಳೆದವರು, ಶಾಖದ ನಿಯಮ ಬಂದಿದ್ದು 1840ರಲ್ಲಿ, ಅಂದ್ರೆ ಈ ಹಸಿರು ಕಲ್ಲು ಅದಕ್ಕಿಂತ 8 ವರ್ಷ ಮುಂಚೆ. ಹೆಸರು ಕೊಟ್ಟಿದ್ದು ಸೆರ್ಗೈ ಉವರೋವ್ ಅವರದ್ದು, ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಯ ಅಧ್ಯಕ್ಷರು, ಆಮೇಲೆ ರಷ್ಯಾದ ಶಿಕ್ಷಣ ಮಂತ್ರಿ ಆದ್ರು. ನಾನು ಆ ಪಾಠ ಮಾಡುವಾಗೆಲ್ಲ ಮಕ್ಕಳಿಗೆ ಈ ಕಲ್ಲಿನ ಫೋಟೋ ತೋರಿಸ್ತೀನಿ, ಆವಾಗ ಆ ಹೆಸರಿನ ಹಿಂದೆ ಒಬ್ಬ ಮನುಷ್ಯ ಇದ್ದ ಅಂತ ಅವರಿಗೆ ಅನ್ಸುತ್ತೆ.

ಕ್ರೋಮಿಯಂ ಅಂದ ತಕ್ಷಣ ವಿಷ ಅಂತ ಹೆದರ್ಬೇಡಿ ಮೇಡಂ. ಕಾರ್ಖಾನೆ ನೀರಲ್ಲಿ ತೊಂದರೆ ಕೊಡೋದು ಆರು ವೇಲೆನ್ಸಿಯ ಕ್ರೋಮಿಯಂ, ಇದರಲ್ಲಿರೋದು ಮೂರು ವೇಲೆನ್ಸಿದು, ಅದೂ ಸಿಲಿಕೇಟ್ ಒಳಗೆ ಬಿಗಿಯಾಗಿ ಕೂತಿದೆ.

ಸಂಪಿಗೆಮರ

ಅಯ್ಯೋ ಇಷ್ಟೆಲ್ಲಾ ಬರೆದಿದ್ದಕ್ಕೆ ಎಲ್ರಿಗೂ ತುಂಬಾ ಥ್ಯಾಂಕ್ಸ್. ಕಲ್ಲುಗುಡ್ಡ ಸರ್, ಇನ್ನೊಂದೇ ಪ್ರಶ್ನೆ, ನಮ್ಮ ತಾಯಿ ಊರು ಚನ್ನರಾಯಪಟ್ಟಣದ ಕಡೆ, ಅಲ್ಲಿ ಬೈರಾಪುರದಲ್ಲಿ ಕ್ರೋಮೈಟ್ ಗಣಿ ಇತ್ತು ಅಂತ ಅಜ್ಜ ಹೇಳ್ತಿದ್ರು. ಹಾಗಿದ್ರೆ ಅಲ್ಲಿ ಹಸಿರು ಕಲ್ಲು ಕಂಡ್ರೆ ಇದೇ ಅಂತ ತಿಳ್ಕೋಬಹುದಾ?

ಕಲ್ಲುಗುಡ್ಡ

ಅಜ್ಜ ಹೇಳಿದ್ದು ನಿಜ, ಬೈರಾಪುರ ನುಗ್ಗೇಹಳ್ಳಿ ಶಿಲಾಪಟ್ಟಿಯಲ್ಲಿ ಬರುತ್ತೆ, ಸುಮಾರು 300 ಕೋಟಿ ವರ್ಷ ಹಳೇ ಬಂಡೆಗಳು. ಆದ್ರೆ ಕ್ರೋಮೈಟ್ ಇದ್ದ ಮಾತ್ರಕ್ಕೆ ಉವರೋವೈಟ್ ಅನ್ನೋಕಾಗಲ್ಲ, ಮೇಲೆ ಹೇಳಿದ್ನಲ್ಲ, ಕ್ಯಾಲ್ಸಿಯಂ ಬಂದು ಸೇರ್ಬೇಕು. ನಮ್ಮ ರಾಜ್ಯದಲ್ಲಿ ಹಸಿರು ಕಲ್ಲು ಕಂಡ್ರೆ ಮೊದಲು ಫುಕ್ಸೈಟ್ ಅಂತ ಅನುಮಾನ ಪಡಿ, ಅದು ಕ್ರೋಮಿಯಂ ಸೇರಿರೋ ಅಭ್ರಕ, ಹೊಳಲ್ಕೆರೆ ಹತ್ರದ ಘಟ್ಟಿಹೊಸಹಳ್ಳಿ ಗುಡ್ಡದಲ್ಲಿ ಬೆಣಚುಕಲ್ಲೇ ಅದರಿಂದ ಹಸಿರಾಗಿದೆ. ಉಗುರಲ್ಲಿ ಕೆರೆದ್ರೆ ಪದರ ಪದರವಾಗಿ ಏಳುತ್ತೆ, ಗಾರ್ನೆಟ್ ಹಾಗೆ ಏಳಲ್ಲ. ಮೈಸೂರು ಕಡೆ ಇದೇ ಫುಕ್ಸೈಟ್ ಒಳಗೆ ಕೆಂಪು ಮಾಣಿಕ್ಯದ ಹರಳು ಕೂತಿರೋ ಕಲ್ಲು ಸಿಗುತ್ತೆ, ಹೊರದೇಶಕ್ಕೆಲ್ಲ ಹೋಗುತ್ತೆ, ಅಲ್ಲಿ ಆ ಕೆಂಪೂ ಕ್ರೋಮಿಯಂದೇ, ಈ ಹಸಿರೂ ಕ್ರೋಮಿಯಂದೇ, ಕೂತಿರೋ ಮನೆ ಮಾತ್ರ ಬೇರೆ. ಅದನ್ನ ಮೊದಲ ಸಲ ಕೈಲಿ ಹಿಡ್ಕೊಂಡ ದಿನ ನನಗೆ ರಾತ್ರಿ ನಿದ್ದೆ ಬಂದಿರ್ಲಿಲ್ಲ.

ನಿಮ್ಮ ಕಲ್ಲಿಗೆ ಇನ್ನೊಂದು ಟೆಸ್ಟ್ ಇದೆ. ಬಾತ್‌ರೂಮ್ ಟೈಲ್ಸ್‌ನ ಹಿಂಭಾಗ, ಹೊಳಪಿಲ್ಲದ ಕಡೆ, ಆ ಕಪ್ಪು ಭಾಗವನ್ನ ಒತ್ತಿ ಎಳೀರಿ. ಕ್ರೋಮೈಟ್ ಆದ್ರೆ ಗೆರೆ ಕಪ್ಪಾಗಿ ಬರಲ್ಲ, ಕಂದು ಬರುತ್ತೆ.

ಸಂಪಿಗೆಮರ

ಇವತ್ತು ಎಲ್ಲಾ ಮಾಡಿ ನೋಡ್ದೆ. ಹತ್ತಿಗೆ ಏನೂ ಬರ್ಲಿಲ್ಲ, ಟೈಲ್ಸ್ ಮೇಲೆ ಕಾಫಿಪುಡಿ ಬಣ್ಣದ ಗೆರೆ ಬಿತ್ತು. ಪಕ್ಕದ ಮನೆ ಹುಡುಗನ ಹತ್ರ ಸ್ಟಾಂಪ್ ನೋಡೋ ಲೆನ್ಸ್ ಇತ್ತು, ಅದರಲ್ಲಿ ಅಮ್ಮಂಗೂ ತೋರಿಸ್ದೆ, ಒಂದು ಕಣ್ಣು ಮುಚ್ಕೊಂಡು ತುಂಬಾ ಹೊತ್ತು ನೋಡಿ "ಎಲ್ಲಾದಕ್ಕೂ ಪಟ್ಟೆ ಹೊಡ್ದಂಗಿದೆ ಕಣೇ, ಯಾರು ಕಟ್ ಮಾಡಿದ್ದು ಇಷ್ಟು ಸಣ್ಣದನ್ನ" ಅಂದ್ರು. ಯಾರೂ ಮಾಡಿಲ್ಲ ಅಮ್ಮ, ಅದು ಹುಟ್ಟಿದ್ದೇ ಹಾಗೆ ಅಂದೆ. ಈಗ ಲೆನ್ಸ್ ವಾಪಸ್ ಕೊಡೋಕೆ ಬಿಡ್ತಿಲ್ಲ, ಇನ್ನೊಂದ್ಸಲ ನೋಡ್ತೀನಿ ತಾಳು ಅಂತಿದಾರೆ.