ಜೇನ್ ಫೋಂಡಾ ಮತ್ತು ಆ ಒಂದು ಫೋಟೊ

ಸಂಜೆಮಲ್ಲಿಗೆ: ‘ಗ್ರೇಸ್ ಅಂಡ್ ಫ್ರಾಂಕಿ’ ಸರಣಿಯ ಏಳೂ ಸೀಸನ್ ನೋಡಿ ಮುಗಿಸಿದೆ. ಎಂಬತ್ತು ದಾಟಿದ ಮೇಲೂ ಹಾಲಿವುಡ್ ನಟಿ ಜೇನ್ ಫೋಂಡಾ ಎಷ್ಟು ಚುರುಕು! ‘ಕ್ಲೂಟ್’, ‘ಕಮಿಂಗ್ ಹೋಮ್’ ಚಿತ್ರಗಳಿಗೆ ಎರಡು ಆಸ್ಕರ್, ‘ದಿ ಡಾಲ್‌ಮೇಕರ್’ ಟಿವಿ ಚಿತ್ರಕ್ಕೆ ಎಮ್ಮಿ. ಆದರೂ ಅವರ ಮಾತೆತ್ತಿದರೆ ಸಾಕು, 1972ರ ಹನೋಯ್ ಜಗಳ ಶುರು. ನಟಿಯನ್ನು ನಟನೆಯಿಂದ ಅಳೆದರೆ ಸಾಲದಾ?

ಗಡಿಮನೆ: ಸಾಲದು. ವಿಯೆಟ್ನಾಂ ಯುದ್ಧ ನಡೆಯುತ್ತಿರುವಾಗ ಶತ್ರುವಿನ ರಾಜಧಾನಿ ಹನೋಯ್‌ಗೆ ಹೋಗಿ, ವಿಮಾನ ಹೊಡೆದುರುಳಿಸುವ ಗನ್ ಮೇಲೆ ಕೂತು ನಕ್ಕಿದ್ದಾರೆ. ಆ ಗನ್ ಗುರಿಯಿಟ್ಟಿದ್ದು ಅವರದೇ ದೇಶವಾದ ಅಮೆರಿಕದ ಹುಡುಗರ ಮೇಲೆ. ಹನೋಯ್ ರೇಡಿಯೊದಲ್ಲೂ ಮಾತಾಡಿದರು. ನಮ್ಮಪ್ಪ ಸೈನ್ಯದಲ್ಲಿದ್ದವರು. ಆ ಫೋಟೊ ನೋಡಿದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಅಲ್ಲಿ ಸೆರೆಯಲ್ಲಿದ್ದ ಅಮೆರಿಕದ ಸೈನಿಕರು ಗುಟ್ಟಾಗಿ ಕೊಟ್ಟ ಚೀಟಿಗಳನ್ನು ಅಲ್ಲಿನ ಅಧಿಕಾರಿಗಳ ಕೈಗೇ ಕೊಟ್ಟರಂತೆ ಬೇರೆ.

ಹಳೇಕ್ಯಾಸೆಟ್: ಚೀಟಿ ಕಥೆ ಶುದ್ಧ ಸುಳ್ಳು ಸಾರ್. ಅದರಲ್ಲಿ ಯಾವ ಯುದ್ಧಕೈದಿಗಳ ಹೆಸರು ಬರುತ್ತದೋ ಅವರೇ ಹಾಗೇನೂ ನಡೆದಿಲ್ಲ ಎಂದಿದ್ದಾರೆ. ಈಮೇಲ್ ಕಾಲದಿಂದ ಸುತ್ತುತ್ತಿರುವ ಫಾರ್ವರ್ಡ್ ಅದು. ಫೋಟೊ ಮಾತ್ರ ನಿಜ. ನದಿ ಒಡ್ಡುಗಳ ಮೇಲೆ ಅಮೆರಿಕದ ಬಾಂಬ್ ಬೀಳುತ್ತಿದೆ ಎಂಬುದನ್ನು ಕಣ್ಣಾರೆ ನೋಡಿ ಜಗತ್ತಿಗೆ ತೋರಿಸಲು ಹೋದವರು, ಕೊನೆಗೆ ಗನ್ ಮೇಲೆ ಕೂತರು. ಒಡ್ಡಿನ ವಿಷಯ ಯಾರಿಗೂ ನೆನಪಿಲ್ಲ. 1988ರಲ್ಲಿ ಟಿವಿಯಲ್ಲಿ ಸೈನಿಕರ ಮತ್ತು ಅವರ ಮನೆಯವರ ಕ್ಷಮೆ ಕೇಳಿದರು. ಹನೋಯ್‌ಗೆ ಹೋಗಿದ್ದು ತಪ್ಪು ಎಂದು ಮಾತ್ರ ಒಪ್ಪಿಕೊಂಡಿಲ್ಲ, ಗನ್ ಮೇಲೆ ಕೂತಿದ್ದು ತಪ್ಪು ಎನ್ನುತ್ತಾರೆ. ಎರಡೂ ಒಂದೇ ಅಲ್ಲ.

ಗಡಿಮನೆ: ಚೀಟಿ ವಿಷಯ ಗೊತ್ತಿರಲಿಲ್ಲ, ವಾಪಸ್ ತಗೊಂಡೆ. ಆದರೆ 1973ರಲ್ಲಿ, ಚಿತ್ರಹಿಂಸೆ ಅನುಭವಿಸಿದೆವು ಎಂದ ಯುದ್ಧಕೈದಿಗಳನ್ನು ಸುಳ್ಳುಗಾರರು ಎಂದಿದ್ದರಲ್ಲ? ಅದೇನು ಫಾರ್ವರ್ಡ್ ಅಲ್ಲ.

ಹಳೇಕ್ಯಾಸೆಟ್: ಅಲ್ಲ. ಅದಕ್ಕೆ ನನ್ನ ಹತ್ತಿರ ಉತ್ತರವೂ ಇಲ್ಲ.

ತಿಂಡಿಪೋತಿ: ನೀವಿಬ್ಬರೂ 1972–73ರಲ್ಲೇ ಕೂತುಬಿಟ್ಟಿರಿ! ನನ್ನ ಮಟ್ಟಿಗೆ ಆಕೆಯ ನಿಜವಾದ ಜಾಣತನ ಇರುವುದು ವ್ಯಾಯಾಮದ ವಿಡಿಯೊದಲ್ಲಿ. ನಗಬೇಡಿ. 1982ರಲ್ಲಿ ಮೊದಲ ಕ್ಯಾಸೆಟ್ ಬಂತು. ಆ ಸರಣಿ ಒಟ್ಟು 1.7 ಕೋಟಿ ಪ್ರತಿ ಮಾರಾಟವಾಯಿತು. ಅಮೆರಿಕದಲ್ಲಿದ್ದ ನಮ್ಮ ಚಿಕ್ಕಮ್ಮ ಬೆಳಗ್ಗೆ ಕಾಫಿಗೆ ಮುಂಚೆ ಅದನ್ನು ಹಾಕಿಕೊಂಡು ಕೈಕಾಲು ಎತ್ತುತ್ತಿದ್ದರು. ಆ ವ್ಯವಹಾರ ಶುರುವಾಗಿದ್ದೇ ಜೇನ್, ಆಗಿನ ಗಂಡ ಟಾಮ್ ಹೇಡನ್ ಜೊತೆ ಸೇರಿ ಕಟ್ಟಿದ ‘ಕ್ಯಾಂಪೇನ್ ಫಾರ್ ಎಕನಾಮಿಕ್ ಡೆಮಾಕ್ರಸಿ’ ಎಂಬ ರಾಜಕೀಯ ಸಂಘಟನೆಗೆ ದುಡ್ಡು ಹೊಂದಿಸಲು. ಪಾಪ, ಸೊಂಟ ಕರಗಿಸಲು ಹೊರಟ ಎಷ್ಟು ಹೆಂಗಸರಿಗೆ ಗೊತ್ತಿತ್ತೋ, ತಮ್ಮ ಡಾಲರ್ ಹೋರಾಟಕ್ಕೆ ಹೋಗುತ್ತಿದೆ ಅಂತ!

ಸಂಜೆಮಲ್ಲಿಗೆ: ಅಯ್ಯೋ, ಇದು ನನಗೆ ಗೊತ್ತೇ ಇರಲಿಲ್ಲ.

ಹಳೇಕ್ಯಾಸೆಟ್: ಸಿನಿಮಾನೂ ಹಾಗೇ ಅಲ್ವಾ. ಆಫೀಸಿನ ಟೈಪಿಸ್ಟ್, ಸೆಕ್ರೆಟರಿ ಹೆಂಗಸರು 1973ರಲ್ಲಿ ಬೋಸ್ಟನ್‌ನಲ್ಲಿ ‘9 ಟು 5’ ಎಂಬ ಸಂಘಟನೆ ಕಟ್ಟಿದ್ದರು. ಅವರ ಪಾಡು ಕೇಳಿಯೇ ಜೇನ್ 1980ರಲ್ಲಿ ಅದೇ ಹೆಸರಿನ ಚಿತ್ರ ಮಾಡಿಸಿದ್ದು. ಭಾಷಣ ಮಾಡದೆ ಹಾಸ್ಯ ಮಾಡಿದರು, ಅದಕ್ಕೇ ಓಡಿತು. ಅವರು ನಟಿಸಿದ ‘ದಿ ಚೈನಾ ಸಿಂಡ್ರೋಮ್’ ಅಣುಸ್ಥಾವರದ ಅಪಾಯದ ಕಥೆ. ಅದು ತೆರೆಗೆ ಬಂದ 12 ದಿನಕ್ಕೆ, 1979ರ ಮಾರ್ಚ್ 28ರಂದು, ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಅಪಘಾತವೇ ಆಯಿತು. ಹಾಗಾಗಿ ಸಂಜೆಮಲ್ಲಿಗೆಯವರೇ, ನಟನೆಯಿಂದ ಮಾತ್ರ ಅಳೆಯುತ್ತೇನೆ ಅಂದರೂ ಹೋರಾಟ ಒಳಗೆ ಬಂದೇ ಬರುತ್ತದೆ.

ಬಾಡಿಗೆಮನೆ: ಎಲ್ಲ ಸರಿ. ಆದರೆ 2019ರಲ್ಲಿ ಹವಾಮಾನ ಹೋರಾಟ ಅಂತ ವಾಷಿಂಗ್ಟನ್‌ನಲ್ಲಿ ಪ್ರತಿ ಶುಕ್ರವಾರ ಕೆಂಪು ಕೋಟು ಹಾಕಿ ನಿಂತು, ಐದು ಸಲ ಅರೆಸ್ಟ್ ಆದರು. ನಾನು ಒಂದು ಸಲ ಅರೆಸ್ಟ್ ಆದರೆ ಸೋಮವಾರ ಕೆಲಸ ಇರುವುದಿಲ್ಲ. ದುಡ್ಡಿದ್ದವರ ಜೈಲೇ ಬೇರೆ.

ತಿಂಡಿಪೋತಿ: ಬೇರೆಯೇ. ಒಂದು ರಾತ್ರಿ ಲಾಕಪ್‌ನಲ್ಲೂ ಇದ್ದರು, ಆಗ ವಯಸ್ಸು 81. ಕೆಲಸ ಹೋಗುವ ಭಯ ಇಲ್ಲದವರು ಮುಂದೆ ನಿಲ್ಲದಿದ್ದರೆ ನಿಮ್ಮನ್ನೇ ನಿಲ್ಲಿಸಬೇಕಾ? ಕ್ಯಾಮೆರಾ ಹೇಗೂ ಅವರ ಹಿಂದೆ ಬರುತ್ತದೆ. ಬರಲಿ ಬಿಡಿ.

ಬಾಡಿಗೆಮನೆ: ಕ್ಯಾಮೆರಾ ಕೋಟಿನ ಮೇಲೇ ನಿಂತುಬಿಟ್ಟರೆ? ಹನೋಯ್‌ನಲ್ಲಿ ಆಗಿದ್ದೂ ಅದೇ ತಾನೇ. ಒಡ್ಡು ಬಿಟ್ಟು ಗನ್ ಉಳಿಯಿತು.

ಹಳೇಕ್ಯಾಸೆಟ್: ಈ ಮಾತು ಒಪ್ಪಿದೆ.

ಗಡಿಮನೆ: ಫೋಟೊ ವಿಷಯದಲ್ಲಿ ನಾನು ಬದಲಾಗಲ್ಲ, ಹೇಳಿಬಿಡುತ್ತೇನೆ. ಆದರೆ ನಮ್ಮಮ್ಮ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದವರು. ಆ ‘9 ಟು 5’ ಎಲ್ಲಿ ನೋಡಲು ಸಿಗುತ್ತದೆ?