ಬ್ರಿಟನ್ಸ್ ಬಿಲ್ಲು ಎಲ್ಲಿ ಗೆಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ?

ಪ್ರಶ್ನೆ (ಕಾರವಾರ): ಸರ್, ಏಜ್ ಆಫ್ ಎಂಪೈರ್ಸ್ 2 ಡೆಫಿನಿಟಿವ್ ಎಡಿಶನ್ ಅನ್ನೋ ಕಂಪ್ಯೂಟರ್ ಯುದ್ಧದಾಟದಲ್ಲಿ ಬ್ರಿಟನ್ಸ್ ಪಡೆ ಹಿಡಿದು ಆಡ್ತೇನೆ. ಎರಡನೇ ಹಂತ ಫ್ಯೂಡಲ್ ಏಜ್ ಚಲೋ ಹೋಗ್ತದೆ. ಮೂರನೇ ಹಂತ ಕ್ಯಾಸಲ್ ಏಜ್ ಬಂದದ್ದೇ ತಡ, ಎದುರಿನವನ ನೈಟ್‌ಗಳು (ಕುದುರೆ ಸವಾರರು) ನನ್ನ ಬಿಲ್ಲಾಳುಗಳನ್ನ ಗುಡಿಸಿ ಹಾಕ್ತವೆ. ಎಲ್ಲಿ ತಪ್ಪು?

ಉತ್ತರ: ಬ್ರಿಟನ್ಸ್ ಕೈಯಲ್ಲಿರೋದು ಉದ್ದದ ದೋಟಿ. ದೂರ ನಿಂತರೆ ಮರ ಹತ್ತದೇ ಕೊನೆ ಇಳಿಸಬಹುದು, ಬುಡಕ್ಕೇ ಯಾರಾದ್ರೂ ನುಗ್ಗಿದರೆ ಆ ಉದ್ದವೇ ದಂಡ. ಕ್ರಾಸ್‌ಬೋ ಬಿಲ್ಲಾಳಿನ ಮೂಲ ರೇಂಜ್ (ಬಾಣ ಮುಟ್ಟೋ ದೂರ) 5 ಚೌಕ. ಬ್ರಿಟನ್ಸ್‌ಗೆ ಕ್ಯಾಸಲ್ ಏಜ್‌ನಲ್ಲಿ ಪುಕ್ಕಟೆ 1, ಫ್ಲೆಚಿಂಗ್, ಬಾಡ್ಕಿನ್ ಅನ್ನೋ ಬಾಣದ ಅಪ್‌ಗ್ರೇಡ್‌ಗಳಿಂದ ತಲಾ 1 ಸೇರಿ 8. ಕಲ್ಲೆಸೆಯೋ ಯಂತ್ರ ಮ್ಯಾಂಗನೆಲ್‌ನ ರೇಂಜ್ 7, ಅದನ್ನ ಹೊರಗಿಂದಲೇ ಹೊಡೀಬಹುದು. ಬಾಡ್ಕಿನ್ ಬಿಟ್ಟರೆ ಈ ಲೆಕ್ಕವೇ ಕೂಡೋದಿಲ್ಲ.

800 ಆಹಾರ, 200 ಚಿನ್ನ ಕೊಟ್ಟು ಏಜ್ ಏರ್ತಾ ಇರುವಾಗಲೇ ಮತ್ತೆ 325 ಆಹಾರ, 175 ಚಿನ್ನ ಕೂಡಿಸಿಡಿ. ಕ್ರಾಸ್‌ಬೋ ಅಪ್‌ಗ್ರೇಡ್‌ಗೆ 125 ಮತ್ತು 75, ಬಾಡ್ಕಿನ್‌ಗೆ 200 ಮತ್ತು 100. ಕ್ಯಾಸಲ್ ಏಜ್ ಮುಟ್ಟಿದ ಕೂಡ್ಲೇ ಎರಡೂ ಒತ್ತಿ. ನೈಟ್ ಕಂಡರೆ ನಾಲ್ಕೈದು ಪೈಕ್‌ಮನ್ (ಈಟಿಯಾಳು) ಮುಂದೆ ನಿಲ್ಲಲಿ, ಬಿಲ್ಲಾಳು ಮನೆ, ಮರಗಳ ಸಂದಿ ಹಿಡೀಲಿ. ಬಯಲಲ್ಲಿ ನೈಟ್ ಮುಂದೆ ಓಡಿ ಉಳಿಯೋದು ಸುಳ್ಳು.

ಇನ್ನೊಂದು ಕೊರತೆ, ಬ್ರಿಟನ್ಸ್‌ಗೆ ಥಂಬ್ ರಿಂಗ್ ಅನ್ನೋ ಬಿಲ್ಲಾಳು ಅಪ್‌ಗ್ರೇಡ್ ಇಲ್ಲ. ಕ್ರಾಸ್‌ಬೋ ಗುರಿ 85 ಶೇಕಡಾದಲ್ಲೇ ನಿಲ್ತದೆ, ಬಾಣ ಬಿಡೋದೂ ನಿಧಾನ. ಆ ರಿಂಗ್ ಇರೋ ಎದುರಾಳಿಯ ಅಷ್ಟೇ ಬಿಲ್ಲಾಳುಗಳ ಜೊತೆ ಹತ್ತಿರ ನಿಂತು ಗುದ್ದಾಡಬೇಡಿ. ಓಡೋ ಗುರಿಗೆ ಯೂನಿವರ್ಸಿಟಿಯಲ್ಲಿ ಬ್ಯಾಲಿಸ್ಟಿಕ್ಸ್ ಬೇಕೇ ಬೇಕು: 300 ಮರ, 175 ಚಿನ್ನ.

ಪ್ರಶ್ನೆ (ಶಿರಸಿ): ಬ್ರಿಟನ್ಸ್‌ಗೆ ಟೌನ್ ಸೆಂಟರ್ (ಊರಿನ ಮುಖ್ಯ ಕಟ್ಟಡ) ಅಗ್ಗ ಅಲ್ದಾ, ಮೂರು ಮಾಡ್ಲಾ?

ಉತ್ತರ: ಮಾಡು ಮಾರಾಯ. ಆದ್ರೆ ಅರ್ಧ ಆಗೋದು ಮರ ಮಾತ್ರ, ಕಲ್ಲು ಪೂರಾ 100. ಶುರುವಿನ 200 ಕಲ್ಲು ಸರಿಯಾಗಿ ಇನ್ನೆರಡಕ್ಕೆ. ಫ್ಯೂಡಲ್‌ನಲ್ಲಿ ಹೆದರಿ 125 ಕಲ್ಲಿನ ಟವರ್ ಒಂದು ಎಬ್ಬಿಸಿದೆಯೋ, ಉಳಿಯೋದು 75. ಬಹಳ ಜನ ಜಾರೋದು ಇಲ್ಲೇ.

ಪ್ರಶ್ನೆ (ಕುಮಟಾ): ಕೊನೆಗೆ ಬ್ರಿಟನ್ಸ್‌ನ ವಿಶೇಷ ಬಿಲ್ಲಾಳು ಲಾಂಗ್‌ಬೋ ಒಳ್ಳೇದಾ, ಕ್ರಾಸ್‌ಬೋದ ಮುಂದಿನ ಹಂತ ಆರ್ಬಲೆಸ್ಟ್ ಸಾಕಾ?

ಉತ್ತರ: ಯೋಮನ್ ಸಮೇತ ಎಲ್ಲ ಅಪ್‌ಗ್ರೇಡ್ ಆದ್ಮೇಲೆ ಆರ್ಬಲೆಸ್ಟ್ ರೇಂಜ್ 11, ಎಲೀಟ್ ಲಾಂಗ್‌ಬೋ 12. ಎದುರಿನ ಕ್ಯಾಸಲ್ (ಕೋಟೆ) 11ರ ತನಕ ಹೊಡೀತದೆ. ಆ ಒಂದು ಚೌಕದ ಲಾಭ ಕೋಟೆ ಒಡೆಯೋ ಯಂತ್ರ ಟ್ರೆಬುಶೆಯನ್ನ ಕಾಪಾಡೋದಕ್ಕೆ. ಬಾಣದಿಂದ ಕಲ್ಲುಗೋಡೆ ಬೀಳೋದಿಲ್ಲ. ನಿಮ್ಮದೇ 650 ಕಲ್ಲಿನ ಕ್ಯಾಸಲ್ ಎದ್ದಿಲ್ಲದಿದ್ರೆ ಆರ್ಬಲೆಸ್ಟೇ ಸಾಕು. ಎದುರು ಬಾಣ ಅಷ್ಟಾಗಿ ನಾಟದ ಗಾಥ್ಸ್ ಪಡೆಯ ಹಸ್ಕಾರ್ಲ್ ಬಂದರೆ ಎರಡನ್ನೂ ಬಿಟ್ಟು ಕತ್ತಿಯಾಳು ಚಾಂಪಿಯನ್ ತೆಗೀರಿ. ಮಳೆಗಾಲದಲ್ಲಿ ನೆಟ್ ಜಗ್ಗುವಾಗ ಹೊಡೆದು ಹಿಂದೆ ಸರಿಯೋ ಆಟ ಕೈಗೆ ಹತ್ತೋದಿಲ್ಲ, ಆಗ ಪೈಕ್‌ಮನ್ ಎರಡು ಪಟ್ಟು ಇಟ್ಕೊಳ್ಳಿ.