ಚಿಕ್ಕಪ್ಪ, ಕ್ರೂಸ್ ಹಾಕಿದರೂ ಬ್ರೇಕ್ ನಿಮ್ಮದೇ
ಚಿಕ್ಕಪ್ಪಾ, ಹೊಸ ಕಾರಲ್ಲಿ ಕ್ರೂಸ್ (ಅಂದರೆ ಕಾಲಿಡದೇ ಸೆಟ್ ಮಾಡಿದ ವೇಗದಲ್ಲೇ ಓಡಿಸುವ ಕ್ರೂಸ್ ಕಂಟ್ರೋಲ್) ಬಟನ್ ಒತ್ತಿದ ಮೇಲೆ ಬ್ರೇಕ್ ಹಿಡಿಯುತ್ತಾ ಅಂತ ಕೇಳಿದ್ದೀರಲ್ಲ, ಹಿಡಿಯುತ್ತದೆ. ಬ್ರೇಕೋ ಕ್ಲಚ್ಚೋ ತುಳಿದ ಕೂಡಲೇ ಕ್ರೂಸೇ ಬಿಟ್ಟುಕೊಳ್ಳುತ್ತದೆ. ಮೈಸೂರು ರೋಡಿಗೆ ಆರಾಮಾಗಿ ಹಾಕಿ. ಸಿಲ್ಕ್ ಬೋರ್ಡ್ ಟ್ರಾಫಿಕ್ ಜಾಮ್ ಹತ್ತಿರ ಮಾತ್ರ ಅದರ ನೆನಪೂ ಬೇಡ!

ಅದು ನೋಡಿಕೊಳ್ಳುವುದು ಆಕ್ಸಿಲರೇಟರ್ ಒಂದನ್ನೇ. ನೀವು 90ಕ್ಕೆ ಸೆಟ್ ಮಾಡಿದಿರಿ ಅನ್ನಿ. ಫ್ಲೈಓವರ್ ಏರುವಾಗ 88ಕ್ಕೆ ಇಳಿಯಿತು. ಸೆನ್ಸರ್ ಅದನ್ನು ಕಂಪ್ಯೂಟರಿಗೆ ಹೇಳುತ್ತದೆ, ಅದು ಥ್ರಾಟಲ್, ಅಂದರೆ ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಸ್ವಲ್ಪ ತೆರೆಯುತ್ತದೆ. ಕಾಲು ಕೆಳಗೇ ಇರುತ್ತದೆ, ಇಂಜಿನ್ ಮಾತ್ರ ಗುರ್ರ್ ಅನ್ನುತ್ತದೆ. ಮೊದಲ ಸಲ ಗಾಬರಿಯಾಗುತ್ತದೆ. ಎಷ್ಟು ಇಳಿಯಿತು ಅನ್ನುವುದಷ್ಟೇ ಅಲ್ಲ, ಎಷ್ಟು ಬೇಗ ಇಳಿಯುತ್ತಿದೆ ಅಂತಲೂ ನೋಡುತ್ತದೆ. ಚಿಕ್ಕಮ್ಮ ಹಾಲು ಕಾಯಿಸುವಾಗ ಉಕ್ಕುವ ತನಕ ಕಾಯುತ್ತಾರಾ? ಮೇಲೇರುವ ರಭಸ ನೋಡಿಯೇ ಉರಿ ಸಣ್ಣ ಮಾಡುತ್ತಾರೆ. ಹಾಗೇ ಇದೂ.

ಇಳಿಜಾರಲ್ಲಿ ಹುಷಾರು. ಮಾಮೂಲಿ ಕ್ರೂಸ್ ಥ್ರಾಟಲ್ ಮುಚ್ಚಬಹುದು, ಬ್ರೇಕ್ ಹಾಕುವುದಿಲ್ಲ. ಗಾಡಿ ತನ್ನ ಭಾರಕ್ಕೇ ಸೆಟ್ ಮಾಡಿದ್ದಕ್ಕಿಂತ ಜೋರಾಗಿ ಓಡುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ 100, ಕ್ಯಾಮೆರಾ ಇದೆ. ದಂಡ ನಿಮಗೇ ಬರುತ್ತದೆ, ಕ್ರೂಸಿಗಲ್ಲ. ಮುಂದಿನ ಗಾಡಿ ನೋಡಿ ತಾನೇ ನಿಧಾನ ಮಾಡುವುದು ರಾಡಾರ್ ಇರುವ ಬೇರೆ ಥರದ್ದು, ನಿಮ್ಮದರಲ್ಲಿ ಅದಿಲ್ಲ. ಮಳೆಯಲ್ಲಂತೂ ಹಾಕಲೇಬೇಡಿ. ನೀರಲ್ಲಿ ಟೈರ್ ಜಾರಿದರೆ ಆಕ್ಸಿಲರೇಟರ್ ಬಿಡಬೇಕು ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ರೆಸ್ಯೂಮ್ ಬಟನ್ ವಿಷಯ ನನಗೆ ಪಾಠ ಆಗಿದೆ. ರಾಮನಗರ ದಾಟಿ ಲಾರಿ ಹಿಂದೆ 50ಕ್ಕೆ ಇಳಿದಿದ್ದೆ. ಅದು ಪಕ್ಕಕ್ಕೆ ಸರಿಯಿತು, ಸುಮ್ನೆ ರೆಸ್ಯೂಮ್ ಒತ್ತಿದೆ. ಹಳೇ 90 ನೆನಪಿಟ್ಟುಕೊಂಡಿದ್ದ ಕಾರು ಒಂದೇ ಸಲಕ್ಕೆ ನುಗ್ಗಿತು. ಹಿಂದೆ ಅಮ್ಮ ಫ್ಲಾಸ್ಕಿಂದ ಕಾಫಿ ಬಗ್ಗಿಸುತ್ತಿದ್ದರು. ಸೀಟ್ ಕವರ್ ಮೇಲೆ ಆ ಕಲೆ ಇನ್ನೂ ಇದೆ.

ಇನ್ನೊಂದು ಮಜಾ ಗೊತ್ತಾ? ಇದನ್ನು ಕಂಡುಹಿಡಿದ ಅಮೆರಿಕದ ರಾಲ್ಫ್ ಟೀಟರ್‌ಗೆ ಕಣ್ಣೇ ಕಾಣುತ್ತಿರಲಿಲ್ಲ. 5ನೇ ವಯಸ್ಸಲ್ಲಿ ದೃಷ್ಟಿ ಹೋಗಿತ್ತು. ಅವರ ವಕೀಲರು ಮಾತಾಡುತ್ತಾ ಕಾರು ಓಡಿಸಿದರೆ ಎಳೆದು ಬಿಟ್ಟ ಹಾಗೆ ಆಗುತ್ತಿತ್ತಂತೆ. ಆ ಕಿರಿಕಿರಿಯಿಂದಲೇ ಇದು ಹುಟ್ಟಿದ್ದು. 1958ರಲ್ಲಿ ಕ್ರೈಸ್ಲರ್ ಕಾರುಗಳಿಗೆ ಬಂತು. ನೀವೂ ಮಾತಿಗೆ ಕೂತರೆ ಹಾಗೇ ಓಡಿಸುತ್ತೀರಿ ಅಂತ ಚಿಕ್ಕಮ್ಮ ಹೇಳುತ್ತಿದ್ದರು, ನಾನಲ್ಲ!

ಭಾನುವಾರ ಬೆಳಿಗ್ಗೆ 6ಕ್ಕೆ ಬರುತ್ತೇನೆ. ನೈಸ್ ರೋಡಲ್ಲಿ ಒಂದು ರೌಂಡ್ ಹೋಗಿ ಬರೋಣ.